ಕೌಸಲ್ಯಾಬಾಯಿಯ ಕಲ್ಲು

ನಮ್ಮ ಬಡಾವಣೆಯ ಬುಧವಾರದ ಸಂತೆಯನ್ನು ಎತ್ತಿಸಿದವರು ವಾರ್ಡ್ ಕಚೇರಿಯ ಅಧಿಕಾರಿಗಳು. ಅದನ್ನು ನೋಡಿಯೂ ಸುಮ್ಮನಿದ್ದವರು ನಾವೇ ಮತ ಹಾಕಿ ಕಳಿಸಿದ ಜನಪ್ರತಿನಿಧಿ. ಇಂಥ ಸಂದರ್ಭಗಳಲ್ಲಿ ಕಾಲವನ್ನು ದೂರಿ ಸುಮ್ಮನಾಗುವುದು ಸಭ್ಯರ ರೂಢಿ. ಆ ಸಭ್ಯತೆ ನನಗಿಲ್ಲ.

ಇದನ್ನು ಬರೆಯಲು ಕೂರಿಸಿದ್ದು ಒಂದು ಬಾಗಿಲು. ನಾಗಪುರದ ಬೇಸಿಗೆ ಎಂದರೆ ಕೂಲರ್. ಕೂಲರ್ ಎಂದರೆ ನೆನೆದ ಲಾವಂಚದ ವಾಸನೆ ಮತ್ತು ಗಾಳಿಗೆ ಬಡಿದುಕೊಳ್ಳುವ ಬಾಗಿಲು. ಮೊನ್ನೆ ಈ ವರ್ಷದ ಮೊದಲ ಕೂಲರ್ ಗಾಳಿಗೆ ಬಾಗಿಲು ಬಡಿಯತೊಡಗಿದಾಗ, ಮೂಲೆಯಲ್ಲಿದ್ದ ಕಪ್ಪು ಕಲ್ಲೊಂದನ್ನು ಕಾಲಿನಿಂದ ಅಡ್ಡ ತಳ್ಳಿದೆ. ಅಪ್ಪ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಕಾಲು ಹಚ್ಚಬ್ಯಾಡವಾ. ಅದು ನಮ್ಮದಲ್ಲ," ಎಂದರು.

ಅದು ಕೌಸಲ್ಯಾಬಾಯಿಯದು. ಸೊಪ್ಪು ಮಾರುವ ಕೌಸಲ್ಯಾಬಾಯಿ ನನಗೆ ನೆನಪಿರುವಷ್ಟು ಕಾಲದಿಂದ ಪ್ರತಿ ಬುಧವಾರ ನಮ್ಮ ರಸ್ತೆಯ ಬೇವಿನ ಸಾಲಿನಲ್ಲಿ, ಮೂರನೆಯ ಮರದ ಕೆಳಗೆ ಕೂರುತ್ತಿದ್ದರು. ಆ ಸಂತೆಯಲ್ಲಿ ಜಾಗಕ್ಕೆ ಪಟ್ಟಾ ಇಲ್ಲ, ಗೆರೆಯಿಲ್ಲ. ಪ್ರತಿಯೊಬ್ಬರದೂ ಒಂದೊಂದು ಕಲ್ಲು. ಸಂಜೆ ಗಂಟು ಕಟ್ಟಿಕೊಂಡು ಹೋಗುವಾಗ ಕಲ್ಲನ್ನು ಮರದ ಬುಡದಲ್ಲಿ ಬಿಟ್ಟರೆ, ಮುಂದಿನ ಬುಧವಾರದವರೆಗೆ ಅದೇ ಜಾಗ ಕಾಯುತ್ತದೆ. ಸೊಸೆಯ ಬಾಣಂತನಕ್ಕೆಂದು ಕೌಸಲ್ಯಾಬಾಯಿ ಹಲವು ವಾರ ಬಾರದಿದ್ದಾಗಲೂ ಪಕ್ಕದ ಬದನೆಕಾಯಿಯವನು ಕಲ್ಲಿನ ಆಚೆಗೆ ಒಂದು ಬದನೆಕಾಯಿಯನ್ನೂ ಇಡಲಿಲ್ಲ. ರಾಷ್ಟ್ರಗಳ ಗಡಿಯ ಬಗ್ಗೆ ಎಂ.ಎ. ಪ್ರಬಂಧ ಬರೆದವಳು ನಾನು. ಇಷ್ಟು ಶಾಂತವಾದ ಗಡಿ ಅದರಲ್ಲಿ ಒಂದೂ ಇರಲಿಲ್ಲ.

ಅಪ್ಪ ಹುಬ್ಬಳ್ಳಿಯವರು, ರೈಲ್ವೆಯ ವರ್ಗಾವಣೆಯಲ್ಲಿ ಇಲ್ಲಿಗೆ ಬಂದು ಇಲ್ಲೇ ನಿವೃತ್ತರಾದವರು. ಅವರು ಸಂತೆಗೆ ಹೋಗುತ್ತಿದ್ದುದು ಸೊಪ್ಪಿಗಲ್ಲ, ಸುದ್ದಿ ಹೇಳುವುದಕ್ಕೆ. ಬೆಳಿಗ್ಗೆ ಮೊಬೈಲಿನಲ್ಲಿ ಕನ್ನಡ ಪತ್ರಿಕೆ ಓದಿ, ಅದರ ಸಾರವನ್ನು ಹುಬ್ಬಳ್ಳಿಯ ಧಾಟಿಯ ಮರಾಠಿಯಲ್ಲಿ ಮೂರನೆಯ ಬೇವಿನ ಕೆಳಗೆ ಒಪ್ಪಿಸುವರು. ಎಲ್ಲೋ ಯುದ್ಧ ಶುರುವಾಯಿತೆಂದರೆ ಟೊಮೆಟೊದವಳು ನಿಟ್ಟುಸಿರಿಟ್ಟು ಬೆಲೆ ಏರಿಸುವಳು. ಒಮ್ಮೆ ಯಾವುದೋ ಕಾಲುವೆಯಲ್ಲಿ ಹಡಗು ಅಡ್ಡವಾಗಿ ಸಿಕ್ಕಿಕೊಂಡ ಸುದ್ದಿಯನ್ನು ಅಪ್ಪ ಬಹಳ ಕಳವಳದಿಂದ ಹೇಳಿದರು. ಕೌಸಲ್ಯಾಬಾಯಿ ಪೂರ್ತಿ ಕೇಳಿಸಿಕೊಂಡು, ಈ ಸೀಮೆಯ ವರ್ಹಾಡಿ ಮರಾಠಿಯಲ್ಲಿ, ಆ ಹಡಗಿನಲ್ಲಿ ತಮ್ಮ ಮೆಂತ್ಯ ಇಲ್ಲವಾದ್ದರಿಂದ ಸಾಹೇಬರು ಚೌಕಾಸಿ ಮುಂದುವರಿಸಬಹುದು ಎಂದರು.

ಇನ್ನೊಂದು ಬುಧವಾರದ ಸುದ್ದಿ ಬೆಕ್ಕಿನದು. ದೂರದ ಯಾವುದೋ ಪುಟ್ಟ ಊರಿನವರು ಬೆಕ್ಕೊಂದನ್ನು ತಮ್ಮ ಮೇಯರ್ ಎಂದು ಒಪ್ಪಿಕೊಂಡಿದ್ದರಂತೆ. ಅದು ಅಂಗಡಿಯೊಂದರ ಕಟ್ಟೆಯ ಮೇಲೆ ಕೂತಿರುತ್ತಿತ್ತಂತೆ. ನಾನು ಆಗಷ್ಟೇ ವಿಶ್ವವಿದ್ಯಾಲಯ ಸೇರಿದ್ದೆ. ಇದು ಪ್ರಾತಿನಿಧ್ಯದ ಪರಿಕಲ್ಪನೆಗೇ ಅಪಮಾನ ಎಂದು, ಕೈಯಲ್ಲಿ ಮೂಲಂಗಿ ಹಿಡಿದುಕೊಂಡೇ ವಾದಿಸಿದೆ. ಕೌಸಲ್ಯಾಬಾಯಿ ನನ್ನನ್ನು ಬಿಟ್ಟು ಅಪ್ಪನನ್ನು ಕೇಳಿದರು:

"ಸಾಹೇಬ, ಅದು ಅಂಗಡಿಗೆ ದಿನಾ ಬರ್ತಿತ್ತಾ?"

"ದಿನಾ ಬರ್ತಿತ್ತಂತ."

"ಮತ್ತೆ ಪೋರಿ ಯಾಕೆ ಸಿಟ್ಟಾಗ್ಯಾಳ? ಚಲೋನೇ ಆರಿಸ್ಯಾರಲ್ಲ."

ಕಳೆದ ಬೇಸಿಗೆಯಲ್ಲಿ ಸಂತೆಯಿಂದ ಸಂಚಾರಕ್ಕೆ ಅಡ್ಡಿ ಎಂಬ ಫಲಕ ಬಂತು. ವ್ಯಾಪಾರಿಗಳಿಗೆ ಊರಂಚಿನ ವಾಡಿಯ ಕಡೆ, ಗೋದಾಮುಗಳ ನಡುವಿನ ಬಯಲನ್ನು ತೋರಿಸಲಾಯಿತು. ಬೀದಿ ವ್ಯಾಪಾರಿಗಳನ್ನು ಎಬ್ಬಿಸುವ ಮೊದಲು ಅವರನ್ನು ಕೇಳಬೇಕೆಂಬ ಕಾಯಿದೆ ಈ ದೇಶದಲ್ಲಿದೆ. ಅದನ್ನು ಹೇಳಲು ಕೌಸಲ್ಯಾಬಾಯಿ, ಅಪ್ಪ, ನಾನು ವಾರ್ಡ್ ಕಚೇರಿಗೆ ಹೋದೆವು. ನಾನು ಶುದ್ಧ ಹಿಂದಿಯಲ್ಲಿ ಜೀವನೋಪಾಯದ ಹಕ್ಕನ್ನು ವಿವರಿಸಿದೆ. ಗುಮಾಸ್ತರು ನನಗೆ ನೀರು ಕೊಟ್ಟರು. ಆಮೇಲೆ, ಈ ಹೆಂಗಸು ಅಲ್ಲಿಯೇ ಕೂರುತ್ತಿದ್ದಳೆಂಬುದಕ್ಕೆ ಪುರಾವೆ ಏನು ಎಂದರು. ಕೌಸಲ್ಯಾಬಾಯಿ ಸೆರಗಿನ ಗಂಟು ಬಿಚ್ಚಿ ಕಲ್ಲನ್ನು ಮೇಜಿನ ಮೇಲಿಟ್ಟರು. ಅದಕ್ಕಿಂತ ದೊಡ್ಡ ಪುರಾವೆ ಇರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಗುಮಾಸ್ತರು ಕಚೇರಿಯೊಳಗೆ ಕಲ್ಲು ತರುವುದು ಭದ್ರತೆಯ ಪ್ರಶ್ನೆ ಎಂದು ಕಾವಲುಗಾರನನ್ನು ಕರೆದರು.

ಹೊರಗೆ ಬಂದು ಕೌಸಲ್ಯಾಬಾಯಿ ಕಲ್ಲನ್ನು ಅಪ್ಪನ ಕೈಗೆ ಕೊಟ್ಟರು. "ಮರದ ಕೆಳಗೆ ಬಿಟ್ಟರೆ ಕಸದ ಗಾಡಿಗೆ ಹಾಕ್ತಾರೆ. ಜಾಗ ಸಿಕ್ಕ ದಿನ ಒಯ್ತೀನಿ."

ಆ ದಿನ ಇನ್ನೂ ಬಂದಿಲ್ಲ. ಹೋದ ತಿಂಗಳು ನಾನೂ ಅಪ್ಪನೂ ವಾಡಿಗೆ ಹೋಗಿ ನೋಡಿದೆವು. ಮರವಿಲ್ಲ, ನೀರಿಲ್ಲ. ಮಧ್ಯಾಹ್ನದೊಳಗೆ ಸೊಪ್ಪು ಬಾಡುತ್ತದೆ. ಲಾರಿ ಚಾಲಕರು ಮೆಂತ್ಯದ ಕಟ್ಟನ್ನು ಗೌರವದಿಂದ ನೋಡಿ ಮುಂದೆ ಹೋಗುತ್ತಾರೆ. ಅಪ್ಪ ಅಂದಿನ ಸುದ್ದಿ ಶುರುಮಾಡಿದರು, ಎಲ್ಲೋ ಒಂದು ಸರ್ಕಾರ ಬಿದ್ದಿತ್ತು. ಲಾರಿಗಳ ಸದ್ದಿನಲ್ಲಿ ಕೌಸಲ್ಯಾಬಾಯಿ ಕಿವಿಗೆ ಕೈ ಹಚ್ಚಿ, ಮತ್ತೆ ಇಳಿಸಿದರು. "ಬಿಡ್ರಿ ಸಾಹೇಬ. ಇಲ್ಲಿ ಏನೂ ಕೇಳ್ಸೋದಿಲ್ಲ." ಈ ಮಳೆಗಾಲದವರೆಗೂ ಹೀಗೆಯೇ ಆದರೆ ಸೊಪ್ಪು ಬಿಟ್ಟು ಯಾರದಾದರೂ ಮನೆಯ ಪಾತ್ರೆ ತೊಳೆಯಲು ಹೋಗುವುದಾಗಿ ಹೇಳಿದರು. ಅಪ್ಪ ಮೂರು ಕಟ್ಟು ಮೆಂತ್ಯ ಕೊಂಡರು, ಚೌಕಾಸಿ ಮಾಡಲಿಲ್ಲ. ಕೌಸಲ್ಯಾಬಾಯಿಗೆ ಅದೇ ಹೆಚ್ಚು ಬೇಸರವಾದಂತೆ ಕಂಡಿತು.

ಸಂಚಾರಕ್ಕೆಂದು ತೆರವಾದ ಬೇವಿನ ನೆರಳಿನಲ್ಲಿ ಈಗ ವಿಮಾನ ನಿಲ್ದಾಣದ ಬಳಿಯ ಮಿಹಾನ್ ಕೈಗಾರಿಕಾ ವಲಯಕ್ಕೆ ಹೋಗುವ ಕಂಪನಿ ಕ್ಯಾಬ್‌ಗಳು ನಿಲ್ಲುತ್ತವೆ. ಚಾಲಕರು ಸೀಟು ಒರಗಿಸಿ ಮಲಗುತ್ತಾರೆ. ಅವರ ಮೇಲೆ ನನಗೆ ದೂರಿಲ್ಲ. ನೆರಳು ಯಾರಿಗಾದರೂ ಬೇಕು. ಅಪ್ಪ ಕಲ್ಲಿನ ಮಾತು ಎತ್ತಿದ ಮರುದಿನ ಬುಧವಾರ. ಕಲ್ಲನ್ನು ತೊಳೆದು, ಒಯ್ದು, ಮೂರನೆಯ ಮರದ ಕೆಳಗೆ ಇಟ್ಟು ಬಂದೆ. ಸಂಜೆ ಹೋಗಿ ನೋಡಿದರೆ ಸಾಲಿನುದ್ದಕ್ಕೂ ಕ್ಯಾಬ್‌ಗಳಿದ್ದವು. ಕಲ್ಲಿನ ಎಡಕ್ಕೂ ಬಲಕ್ಕೂ ಇದ್ದವು. ನಡುವೆ ಒಬ್ಬ ಹೆಂಗಸು ಗಂಟು ಬಿಚ್ಚಿ ಕೂರುವಷ್ಟು ಜಾಗ ಖಾಲಿ ಇತ್ತು. ಈ ಜಾಗ ಯಾರದೆಂದು ಒಬ್ಬ ಚಾಲಕನನ್ನು ಕೇಳಿದೆ. "ಗೊತ್ತಿಲ್ಲ ತಾಯಿ, ಯಾರದೋ ಇರಬೇಕು. ಕಲ್ಲು ಇಟ್ಟಾರಲ್ಲ," ಎಂದ.

ಆದ್ದರಿಂದ ವಾರ್ಡ್ ಕಚೇರಿಯ ಮಾನ್ಯ ಅಧಿಕಾರಿಗಳಲ್ಲಿಯೂ ಮಾನ್ಯ ಜನಪ್ರತಿನಿಧಿಗಳಲ್ಲಿಯೂ ನನ್ನ ವಿನಂತಿ. ಸಂತೆಯನ್ನು ಎತ್ತಿಸುವ ಮುನ್ನ ಅಲ್ಲಿ ಕೂರುತ್ತಿದ್ದವರಲ್ಲಿ ಯಾರನ್ನು ಕೇಳಿದಿರಿ ಎಂಬುದಕ್ಕೆ ಲಿಖಿತ ಉತ್ತರ ಕೊಡಬೇಕು. ಮಳೆಗಾಲಕ್ಕೆ ಮುಂಚೆ ಸಂತೆಯನ್ನು ಬೇವಿನ ಸಾಲಿಗೆ ಮರಳಿಸಬೇಕು. ಆ ಬೆಕ್ಕಿನಂತೆ ದಿನವೂ ಬರಬೇಕೆಂದು ಕೇಳುವುದಿಲ್ಲ. ಒಂದು ಬುಧವಾರ ಬಂದು ನೋಡಿದರೆ ಸಾಕು. ಎಲ್ಲಿ ಬೇಕಾದರೂ ಕೂರಬಹುದು, ಮೂರನೆಯ ಮರದ ಕೆಳಗೆ ಮಾತ್ರ ಬೇಡ. ಅಲ್ಲಿ ಜನ ಇದ್ದಾರೆ.