ಅವ್ವನನ್ನು ಎತ್ತುವ ತಾಲೀಮು

ಐವತ್ತು ಸಮೀಪಿಸಿದ ಹೆಂಗಸೊಬ್ಬಳು ಮೈ ಪಳಗಿಸಲು ಟ್ರೇನರ್ ಹುಡುಕುತ್ತಾಳೆಂದರೆ ಬೈಲಹೊಂಗಲದಲ್ಲಿ ನಗದವರು ಕಡಿಮೆ. "ನಮ್ಮ ಮೇಡಮ್ಮಾರು ಇನ್ನ ಕುಸ್ತಿ ಹಿಡ್ಯಾವ್ರಂತ್ರೀ" ಎಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಸುದ್ದಿ ಹಂಚಿದವರೂ ಇದ್ದರು. ನಗಲಿ ಬಿಡಿ. ನನಗೆ ಬೇಕಾಗಿದ್ದದ್ದು ಸಣ್ಣ ಸೊಂಟವಲ್ಲ. ಅವ್ವನನ್ನು ಹಾಸಿಗೆಯಿಂದ ಎತ್ತಿ ಬಚ್ಚಲಿನ ಕುರ್ಚಿಯಲ್ಲಿ ಕೂರಿಸುವಷ್ಟು ರಟ್ಟೆಬಲ.

ಅವ್ವನಿಗೆ ಲಕ್ವಾ ಹೊಡೆದಿತ್ತು. ಎತ್ತಲು ನನ್ನ ಗಂಡ ಇದ್ದರು, ಗಟ್ಟಿಮುಟ್ಟಾಗಿಯೇ ಇದ್ದರು. ಆದರೆ ಅಳಿಯನ ಎದುರು ಒಂದು ದಿನವೂ ತಲೆಯ ಸೆರಗು ಜಾರಗೊಡದ ಹೆಂಗಸು ಆಕೆ. ಅವರ ಚಪ್ಪಲಿ ಸಪ್ಪಳ ಕೇಳಿದರೆ ಸಾಕು, ಆಡುತ್ತಿದ್ದ ಒಂದೇ ಕೈಯಿಂದ ಸೆರಗು ತಡಕಾಡುತ್ತಿದ್ದಳು. "ಅಳ್ಯಾರ ಕೈಲೆ ಎತ್ತಿಸ್ಕೊಳ್ಳೂಕಿಂತ ಹಿಂಗ ಬಿದ್ದಿರತೇನಿ" ಎಂದಳು. ಗೊತ್ತು ಮಾಡಿದ ಆಳು ಹೆಂಗಸನ್ನು ಬೈದು ಓಡಿಸಿದಳು. ಉಳಿದವಳು ನಾನು. ಎತ್ತಲು ಹೋದೆ, ಇಬ್ಬರೂ ನೆಲಕ್ಕೆ ಬಿದ್ದೆವು. ಬಿದ್ದಲ್ಲಿಂದಲೇ ಸೊಟ್ಟ ಬಾಯಲ್ಲಿ ನಕ್ಕಳು: "ಬಿ.ಎ. ಮಾಡೀದಿ, ಎಂ.ಎ. ಮಾಡೀದಿ, ಒಂದು ಮುದುಕೀನ ಎತ್ತಾಕ ಬರವಲ್ದ?"

ಬರುವುದಾದರೂ ಹೇಗೆ? ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು, ಹೆಮ್ಮೆಯಿಂದಲೇ ಹೇಳುತ್ತೇನೆ. ನಮ್ಮ ಹಳ್ಳಿ ಚಚಡಿಯಲ್ಲಿದ್ದಾಗ ನಾನು ಬುಟ್ಟಿಗೆ ಕೈ ಹಚ್ಚಿದರೆ, "ನೀ ಓದ ನಡಿ" ಎಂದು ಅವ್ವ ಕಸಿದುಕೊಳ್ಳುತ್ತಿದ್ದಳು. ನನ್ನ ಪಾಲಿನ ಭಾರವನ್ನೆಲ್ಲ ಆಕೆಯೇ ಹೊತ್ತಿದ್ದರಿಂದ ನನ್ನ ಕೈಗಳು ಸೀಮೆಸುಣ್ಣಕ್ಕಿಂತ ದೊಡ್ಡದೇನನ್ನೂ ಎತ್ತದೆ ಈ ವಯಸ್ಸಿಗೆ ಬಂದು ಮುಟ್ಟಿದ್ದವು.

ಮೊದಲು ಹೋದ ಜಿಮ್ಮಿನ ಗೋಡೆಯ ತುಂಬ ಎಣ್ಣೆ ಹಚ್ಚಿಕೊಂಡ ಗಂಡಸರ ಪಟ. ಅಲ್ಲಿಯ ತರುಣ ಮುಖ ನೋಡುವ ಮೊದಲೇ ನನ್ನ ಹೊಟ್ಟೆ ನೋಡಿ, "ಕರಗಸೂಣ್ರಿ ಮೇಡಂ" ಎಂದ. ತಿರುಗಿ ಬಂದೆ. ಕೇಳುತ್ತ ಕೇಳುತ್ತ ಕೊನೆಗೆ ಸಿಕ್ಕವಳು ಕಟಕೋಳದ ರೇಣುಕಾ. ಕಬಡ್ಡಿ ಆಡಿ ಬೆಳೆದವಳು, ಮಧ್ಯಾಹ್ನ ಹೆಂಗಸರಿಗೆ ವ್ಯಾಯಾಮ ಹೇಳಿಕೊಡುವವಳು.

"ನಿಮಗೇನು ಆಗಬೇಕ್ರಿ ಅಕ್ಕಾರ? ತೂಕ ಇಳಸೂದೇನು?"

"ನಮ್ಮ ಅವ್ವನ್ನ ಎತ್ತೂದು."

ರೇಣುಕಾ ನಗಲಿಲ್ಲ. "ಭಾಳ ವಜ್ಜಿ ಅದಾರೇನ್ರಿ?"

"ಬೈಗಳ ಬಿಟ್ಟು ತೂಗಿದ್ರ ಅಷ್ಟೇನಿಲ್ಲ."

ಈಗ ನಕ್ಕಳು. ಅವತ್ತೇ ಗೊತ್ತುಮಾಡಿಕೊಂಡೆ. ಕಬ್ಬಿಣದ ತೂಕ ಬೇಡವೆಂದು ಬದಿಗಿಟ್ಟು, ಅರ್ಧ ತುಂಬಿದ ಜೋಳದ ಚೀಲ ತಂದಳು. "ಮನಷ್ಯಾರು ಹಿಂಗ ಜೋತು ಬೀಳತಾರ್ರಿ. ಅಪ್ಪಿ ಹಿಡೀರಿ, ಮೊಣಕಾಲು ಬಗ್ಗಸ್ರಿ, ಏಳ್ರಿ." ನಾನು ಎದ್ದೆ, ಚೀಲ ಏಳಲಿಲ್ಲ.

ನಮ್ಮ ಊರುಗಳಲ್ಲಿ ಗಂಡುಹುಡುಗರು ಗುಂಡುಕಲ್ಲು ಎತ್ತುತ್ತಾರೆ, ಚೀಲ ಎತ್ತಿ ಪಂದ್ಯ ಗೆಲ್ಲುತ್ತಾರೆ. ಮನುಷ್ಯರನ್ನು ಎತ್ತುವ ತಾಲೀಮು ಮಾತ್ರ ಎಲ್ಲೂ ಇಲ್ಲ. ಹೆತ್ತವಳಿಗೆ ಅದು ಬೇಕಾಗುವುದೂ ಇಲ್ಲ. ಕೂಸು ದಿನಕ್ಕಿಷ್ಟಿಷ್ಟೇ ಭಾರವಾಗುತ್ತದೆ, ತೋಳು ದಿನಕ್ಕಿಷ್ಟಿಷ್ಟೇ ಗಟ್ಟಿಯಾಗುತ್ತದೆ. ಮುದುಕರು ಹಾಗಲ್ಲ. ಸಂಜೆ ಜೋಳದ ರೊಟ್ಟಿ ಬಡಿದವರು ಮುಂಜಾನೆ ಪೂರಾ ಭಾರವನ್ನು ಒಮ್ಮೆಲೇ ನಮ್ಮ ಮೇಲೆ ಹಾಕಿ ಮಲಗಿಬಿಡುತ್ತಾರೆ.

ರೇಣುಕಾ ವಾರವಾರವೂ ಚೀಲಕ್ಕೆ ಜೋಳ ಸೇರಿಸುತ್ತ ಹೋದಳು. ನಾನೂ ಕಲಿತೆ, ಕಲಿಯುವುದು ಮೊದಲಿನಿಂದಲೂ ನನಗೆ ಬಂದ ಒಂದೇ ವಿದ್ಯೆ. ಒಂದು ಮುಂಜಾನೆ ಅವ್ವನನ್ನು ಅಪ್ಪಿ ಹಿಡಿದು, ಮೊಣಕಾಲು ಬಗ್ಗಿಸಿ, ಎದ್ದೇಬಿಟ್ಟೆ. ಬಚ್ಚಲಿನ ಕುರ್ಚಿಯಲ್ಲಿ ಕೂತು ಅವ್ವ, "ಅಡ್ಡಿಯಿಲ್ಲ, ಪಾಸಾದಿ" ಎಂದಳು. ಎಂ.ಎ. ಮುಗಿಸಿದ ದಿನವೂ ನಾನು ಅಷ್ಟು ಬೀಗಿರಲಿಲ್ಲ.

ಆಮೇಲೆ ದಿನದಿನಕ್ಕೆ ಸರಳವಾಯಿತು. "ನೋಡಬೇ, ಈಗ ಹೂವು ಎತ್ತಿಧಂಗ ಎತ್ತತೇನಿ" ಎಂದೆ ಒಮ್ಮೆ, ಸೊಕ್ಕಿನಿಂದ.

ಅವ್ವ ನನ್ನ ಹೆಗಲ ಮೇಲೆ ಗದ್ದ ಊರಿದ್ದಳು. "ನಿನ್ನ ತಾಕತ್ತು ಅಂತ ತಿಳ್ಕೋಬ್ಯಾಡ, ಹುಚ್ಚಿ. ನಾನು ಖಾಲಿ ಆಗಾಕ ಹತ್ತೇನಿ."

ಆಗ ನೋಡಿದೆ. ಆಕೆಯ ಕುಪ್ಪಸದ ತೋಳಿನಲ್ಲಿ ಇನ್ನೊಂದು ತೋಳು ಹಿಡಿಯುವಷ್ಟು ಜಾಗವಿತ್ತು. ಅಲ್ಲಿ ರೇಣುಕಾ ಜೋಳ ತುಂಬುತ್ತಿದ್ದಳು. ಇಲ್ಲಿ ಯಾರೋ ಹಿಡಿಹಿಡಿಯಾಗಿ ತೆಗೆಯುತ್ತಿದ್ದರು.

ಮಳೆಗಾಲಕ್ಕೆ ಮುಂಚೆ ಅವ್ವ ಹೋದಳು. ಕಡೆಯ ಸ್ನಾನಕ್ಕೂ ನಾನೇ ಎತ್ತಿದೆ. ಮೊಣಕಾಲು ಬಗ್ಗಿಸುವ ಅಗತ್ಯವೇ ಬೀಳಲಿಲ್ಲ.

ಕೆಲವು ವಾರ ಬಿಟ್ಟು ರೇಣುಕಾ ಫೋನ್ ಮಾಡಿದಳು. "ಸುಮ್ನ ಬಂದು ಕುಂತು ಹೋಗ್ರಿ ಅಕ್ಕಾರ." ಹೋದೆ. ಮೂಲೆಯಲ್ಲಿ ಚೀಲ ಹಾಗೆಯೇ ಇತ್ತು. ಕೂಡ್ರಲಿಲ್ಲ, ಬಗ್ಗಿ, ಅಪ್ಪಿ, ಎತ್ತಿಕೊಂಡೆ. ಜೋತು ಬಿದ್ದ ಅದರ ತುದಿ ನನ್ನ ಹೆಗಲಿಗೆ ಒರಗಿತು.

"ಸಾಕ್ರಿ, ಇಳಸ್ರಿ" ಎಂದಳು ರೇಣುಕಾ, ಸ್ವಲ್ಪ ಹೊತ್ತಿನ ನಂತರ.

ಇಳಿಸುವುದನ್ನು ಇನ್ನೂ ಕಲಿಯುತ್ತಿದ್ದೇನೆ. ಅದಕ್ಕೆಂದೇ ಈಗಲೂ ಹೋಗುತ್ತೇನೆ.