ಕಪ್ಪೆ ಮಾವನ ತಂಗಿ

ಸಂಶೋಧನಾಲಯದಲ್ಲಿ ಕಪ್ಪೆಗಳನ್ನು ನೋಡಿಕೊಳ್ಳುತ್ತಿದ್ದವನನ್ನು ವಿದ್ಯಾರ್ಥಿಗಳೆಲ್ಲ ಕಪ್ಪೆ ಮಾವ ಎನ್ನುತ್ತಿದ್ದರು. ತೊಟ್ಟಿಯ ನೀರು ಬದಲಾಯಿಸುವುದು, ಹುಳು ಹಾಕುವುದು, ಇಲಿಗೂಡು ತೊಳೆಯುವುದು ಅವನ ಹತ್ತೊಂಬತ್ತು ವರ್ಷದ ಕೆಲಸ. ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿ ತೋರಿಸಿದವನು ಲೋಕದಲ್ಲಿ ತಾನೊಬ್ಬನೇ ಎಂದು ಹೊಸಬರನ್ನು ನಗಿಸುತ್ತಿದ್ದ.

ಕಪ್ಪೆಯ ಚರ್ಮದಲ್ಲಿ ರೋಗಾಣುಗಳನ್ನು ಕೊಲ್ಲುವ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ತುಣುಕುಗಳು ಒಸರುತ್ತವೆ. ಅವು ಕ್ಯಾನ್ಸರ್ ಜೀವಕೋಶದ ಪೊರೆಯನ್ನೂ ತೂತು ಮಾಡುತ್ತವೆಯೇ ಎಂದು ಅಲ್ಲಿನ ವಿಜ್ಞಾನಿ ಮೇಡಂ ಪರೀಕ್ಷಿಸುತ್ತಿದ್ದರು. ಒಂದು ದಿನ ಅವನನ್ನೂ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳು ಒಡೆದು ಚಿಂದಿಯಾಗಿದ್ದವು.

ಅದೇ ತಿಂಗಳು ಅವನ ತಂಗಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಬಟ್ಟೆ ಹೊಲಿಯುವವಳು, ಗಂಡ ಬಿಟ್ಟುಹೋದ ಮೇಲೆ ಅಣ್ಣನ ಜೊತೆಗೇ ಇದ್ದವಳು. ವೈದ್ಯರು ಕೈಚೆಲ್ಲಿದ್ದರು. ಮನಸ್ಸು ತಡೆಯದೆ ಅವನು ಕಂಡದ್ದನ್ನೆಲ್ಲ ಅವಳಿಗೆ ಹೇಳಿಬಿಟ್ಟ. ಅವತ್ತು ಅವಳು ಎರಡು ತುತ್ತು ಜಾಸ್ತಿ ತಿಂದಳು. ಮಾರನೆಯ ದಿನದಿಂದ ಅವನು ಮನೆಗೆ ಬರುವುದೇ ತಡ, ಕಪ್ಪೆಗಳು ಏನಂದವು ಎಂದು ಕೇಳತೊಡಗಿದಳು.

ಆಮೇಲೆ ಅದನ್ನು ಕ್ಯಾನ್ಸರ್ ಬರಿಸಿದ ಇಲಿಗಳಿಗೆ ಚುಚ್ಚಿ ನೋಡಿದರು. ಔಷಧಿ ಕೊಟ್ಟ ಗೂಡಿಗೆ ನೀಲಿ ಚೀಟಿ, ಕೊಡದ್ದಕ್ಕೆ ಬಿಳಿ. ಸತ್ತದ್ದನ್ನು ಎತ್ತುತ್ತಿದ್ದವನು ಅವನೇ. ಮೊದಲು ಖಾಲಿಯಾದದ್ದು ನೀಲಿ ಗೂಡುಗಳು.

ಮೇಡಂ ಬಳಿ ಹೋಗಿ ತಂಗಿಯ ವಿಷಯ ಹೇಳಿ, ಅವಳಿಗೆ ಆ ಔಷಧಿ ಕೊಡಬಹುದೇ ಎಂದು ಕೇಳಿದ. ರಕ್ತಕ್ಕೆ ಸೇರಿದರೆ ಆ ತುಣುಕು ನಿಮಿಷಗಳಲ್ಲೇ ಹಾಳಾಗುತ್ತದೆ, ಜಾಸ್ತಿ ಕೊಟ್ಟರೆ ಒಳ್ಳೆಯ ರಕ್ತಕಣಗಳನ್ನೂ ಒಡೆಯುತ್ತದೆ, ತಿದ್ದಿ ಸರಿಮಾಡಿ ಮನುಷ್ಯರಿಗೆ ಕೊಡಲು ಹತ್ತು ಹದಿನೈದು ವರ್ಷ ಬೇಕು, ಅದೂ ಆದರೆ ಎಂದರು. ಕೊನೆಗೆ, "ನಿಮಗೆ ಅವತ್ತು ಅದನ್ನ ತೋರಿಸಬಾರದಿತ್ತು" ಎಂದರು.

ಮನೆಯಲ್ಲಿ ಮೂರು ವಾರ, ಇನ್ನೂ ನೋಡುತ್ತಿದ್ದಾರೆ ಎಂದು ಸುಳ್ಳು ಹೇಳಿದ. ಒಂದು ಸಂಜೆ ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಬಹಳ ಹೊತ್ತು ನಿಂತದ್ದನ್ನು ತಂಗಿ ಮಲಗಿದಲ್ಲಿಂದಲೇ ನೋಡಿದಳು.

"ಅಣ್ಣಾ, ಇಲಿಗಳು ಸತ್ತವಾ?"

"ಹೂಂ."

"ಎಲ್ಲಾನೂ?"

"ಎಲ್ಲಾನೂ."

ಅವಳು ಗೋಡೆಯ ಕಡೆ ಹೊರಳಿದಳು. "ಇನ್ನೊಂದೆರಡು ದಿನ ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವಳು ಮತ್ತೆಂದೂ ಕಪ್ಪೆಗಳ ಸುದ್ದಿ ಎತ್ತಲಿಲ್ಲ. ಹನ್ನೊಂದನೆಯ ದಿನ, ಅವನು ಕೆಲಸದಲ್ಲಿದ್ದಾಗ, ಪಕ್ಕದ ಮನೆಯವಳ ಕೈಯಲ್ಲಿ ನೀರು ಕುಡಿದು ಹೋಗಿಬಿಟ್ಟಳು.

ರಜೆ ಮುಗಿಸಿ ಬಂದಾಗ ಹೊಸ ಇಲಿಗಳು ಬಂದಿದ್ದವು. ಮೇಡಂ ಆ ತುಣುಕಿನಲ್ಲಿ ಏನೋ ಬದಲಾಯಿಸಿದ್ದರಂತೆ. ಏನೆಂದು ಅವನು ಕೇಳಲಿಲ್ಲ. ಅರ್ಜಿ ಬರೆದು, ಗಾಜಿನ ಸಾಮಾನು ತೊಳೆಯುವ ಕೆಳಗಿನ ಕೋಣೆಗೆ ವರ್ಗ ಮಾಡಿಸಿಕೊಂಡ.