ಹಾಲುಕಾಫಿ ಬಣ್ಣದ ವೈರು

ಆ ಬೀದಿಯವರೆಲ್ಲ ಅವನನ್ನು ಫ್ಯೂಸಣ್ಣ ಎಂದೇ ಕರೆಯುತ್ತಿದ್ದರು. ಯಾರು ಯಾವ ತಾಪತ್ರಯ ಹೊತ್ತು ಬಂದರೂ ಅವನ ಮೊದಲ ಮಾತು ಒಂದೇ: “ಫ್ಯೂಸ್ ನೋಡಿದ್ರಾ?” ಕಾರಿನ ದೀಪ ಹತ್ತುತ್ತಿಲ್ಲವೆಂದರೂ ಅದೇ, ಮನೆಯಲ್ಲಿ ಅತ್ತೆ ಮಾತು ಬಿಟ್ಟಿದ್ದಾರೆಂದರೂ ಅದೇ. ಹಳೆಯ ಕಾರುಗಳ ವೈರಿಂಗ್ ಅವನ ಕಸುಬು. ಅವನು ತೀರಿಕೊಂಡ ಮೇಲೆ ಅಂಗಡಿಯ ಕೆಂಪು ಬಾಗಿಲಿಗೆ ಹಸಿರು ಬಣ್ಣ ಹೊಡೆದಿದ್ದಾರೆ. ಅವನೇ ಎದ್ದು ಬಂದು ನಿಂತು ನೋಡಿದರೂ ಅದು ಅವನಿಗೆ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಫ್ಯೂಸಣ್ಣನಿಗೆ ಬಣ್ಣಗಳು ಸರಿಯಾಗಿ ಕಾಣುತ್ತಿರಲಿಲ್ಲ.

ನೀಲಿ ಕಾಣುತ್ತಿತ್ತು, ಹಳದಿ ಕಾಣುತ್ತಿತ್ತು. ಕೆಂಪು, ಹಸಿರು, ಕಂದು ಮಾತ್ರ ಒಂದೇ ತಾಯಿಯ ಮಕ್ಕಳಂತೆ ಒಂದೇ ಮುಖ ಹೊತ್ತು ನಿಲ್ಲುತ್ತಿದ್ದವು. ಬಣ್ಣ ನೋಡಿಯೇ ದಾರಿ ಹಿಡಿಯಬೇಕಾದ ಕಸುಬಿಗೆ ಇಂಥ ಕಣ್ಣು ಹೊತ್ತು ಅವನು ಬಂದದ್ದಾದರೂ ಹೇಗೆ? ಹುಡುಗನಾಗಿದ್ದಾಗ ಅದು ಅವನಿಗೇ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಕೈ ಕೆಲಸ ಕಲಿತುಬಿಟ್ಟಿತ್ತು, ಬೇರೆ ಕೆಲಸಕ್ಕೆ ಮನಸ್ಸು ಬಗ್ಗಲಿಲ್ಲ. ಬಾಯಿ ಮುಚ್ಚಿಕೊಂಡು, ಪ್ರತಿಯೊಂದು ವೈರನ್ನೂ ತುದಿಯಿಂದ ತುದಿಗೆ ಬೆರಳಲ್ಲಿ ಎಳೆದು ನೋಡುತ್ತ, ಹೇಗೋ ಕಾಲ ಹಾಕುತ್ತಿದ್ದ.

ಗುಟ್ಟು ಬಯಲಾದದ್ದು ಮದುವೆಯಾದ ಹೊಸತರಲ್ಲಿ, ಮಾರುಕಟ್ಟೆಯಿಂದ ಒಂದು ಚೀಲ ಟೊಮ್ಯಾಟೊ ತಂದ ದಿನ.

“ಏನ್ರೀ, ಯಾರು ನಿಮಗೆ ಈ ಪರಿ ಟೋಪಿ ಹಾಕಿದ್ದು?” ಎಂದಳು ಹೆಂಡತಿ. “ಒಂದಾದ್ರೂ ಹಣ್ಣು ಬೇಡ್ವಾ? ಎಲ್ಲಾ ಹಸಿ ಕಾಯಿ!”

ಅವನು ಚೀಲದೊಳಗೆ ನೋಡಿದ. ಅವಳ ಮುಖ ನೋಡಿದ. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಇದ್ದದ್ದನ್ನು ಹೇಳಿಬಿಟ್ಟ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇದ್ದಕ್ಕಿದ್ದಂತೆ ನಗು ನಿಲ್ಲಿಸಿ, “ಹಾಗಾದ್ರೆ ವೈರು?” ಎಂದಳು.

ಮಾರನೆಯ ದಿನದಿಂದ, ಅಡುಗೆ ಮುಗಿಸಿ ಬಂದು, ಅಂಗಡಿಯಲ್ಲಿ ಒಂದು ಮರದ ಪೆಟ್ಟಿಗೆ ಬೋರಲು ಹಾಕಿಕೊಂಡು ಅವಳು ಕಾರಿನ ತೆರೆದ ಬಾಗಿಲ ಪಕ್ಕ ಕೂರತೊಡಗಿದಳು. ಅವನು ಸ್ಟೀರಿಂಗಿನ ಕೆಳಗೆ ಅಂಗಾತ ಮಲಗಿ ಒಂದೊಂದೇ ವೈರನ್ನು ಈಚೆ ಎಳೆಯುವನು, “ಇದು?” ಎನ್ನುವನು. ಅವಳು ಹೇಳುವಳು. ಕಾರಿನ ಪುಸ್ತಕದ ಹೆಸರುಗಳು ಅವಳಿಗೆ ಸೇರುತ್ತಿರಲಿಲ್ಲ. ಕಡುಕಂದು ಅವಳ ಬಾಯಲ್ಲಿ ಕಾಫಿ. ಅದೇ ಬಿಸಿಲಿಗೆ ಮಾಸಿದರೆ ಹಾಲುಕಾಫಿ. ಹಸಿರು ಗಿಳಿ. ಕೆಂಪಿನ ಮೇಲೆ ಕರಿ ಗೆರೆಯಿದ್ದರೆ ಇರುವೆಸಾಲು. “ಕಾಫಿ ಎಲ್ಲಿಗೆ ಹೋಗುತ್ತೆ ಅಂತ ನೋಡ್ಕೊಳ್ಳಿ, ಗಿಳಿ ಪಕ್ಕದಲ್ಲೇ ಬರ್ತಿದೆ” ಎನ್ನುವಳು. ನಡುನಡುವೆ ಮನೆಯ ಮಾತು, ಪಕ್ಕದವರ ಮಾತು, ಸಣ್ಣ ಜಗಳ, ಜಗಳ ಹರಿಯುವ ಮೊದಲೇ ಇನ್ನೊಂದು ವೈರು. ಬೀದಿಯವರು ತಮಗೆ ತೋಚಿದ ಅರ್ಥ ಕಟ್ಟಿಕೊಂಡಿದ್ದರು: ಫ್ಯೂಸಣ್ಣನ ಹೆಂಡತಿಗೆ ಗಂಡನ ಮೇಲೆ ಅನುಮಾನ, ಕಾವಲಿಗೆ ಕೂತಿದ್ದಾಳೆ. ಗಂಡ ಹೆಂಡತಿ ಇಬ್ಬರೂ ಆ ಮಾತನ್ನು ಸುಳ್ಳೆನ್ನಲು ಹೋಗಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ತಲೆಗೂದಲು ಬೆಳ್ಳಗಾಗುವವರೆಗೂ ಅವರ ಸಂಸಾರದ ಮುಕ್ಕಾಲು ಪಾಲು ಮಾತುಕತೆ ನಡೆದದ್ದು ಹೀಗೆ, ಒಬ್ಬರು ಡ್ಯಾಶ್‌ಬೋರ್ಡಿನ ಕೆಳಗೆ, ಒಬ್ಬರು ಪೆಟ್ಟಿಗೆಯ ಮೇಲೆ.

ಒಂದು ಚಳಿಗಾಲ ಅವಳಿಗೆ ಕೆಮ್ಮು ಹಿಡಿಯಿತು. ಬಿಡಲಿಲ್ಲ. ಆಸ್ಪತ್ರೆಗೆ ಹೋದವಳು ಹಿಂದಿರುಗಿ ಬರಲಿಲ್ಲ.

ಆಮೇಲೆ ಫ್ಯೂಸಣ್ಣ ಅಂಗಡಿಯ ಬಾಗಿಲನ್ನು ಅರ್ಧ ಮಾತ್ರ ತೆಗೆಯುತ್ತಿದ್ದ. ಬಲ್ಬು ಬದಲಿಸುವುದು, ಬ್ಯಾಟರಿಗೆ ನೀರು ಹಾಕುವುದು, ಅಷ್ಟೇ. ವೈರಿಂಗ್ ಎಂದು ಬಂದವರಿಗೆಲ್ಲ, “ಕಣ್ಣು ಮಂಜಾಗಿದೆ, ಬೇರೆ ಕಡೆ ನೋಡಿ” ಎಂದು ಕಳಿಸಿಬಿಡುತ್ತಿದ್ದ. ದೂರದ ಊರಿನ ಅಕ್ಕ ವಾರವಾರವೂ ಫೋನ್ ಮಾಡುತ್ತಿದ್ದಳು.

“ಲೋ, ಅಲ್ಲಿ ಕೂತು ಯಾರ ಮುಖ ನೋಡ್ತಿದ್ದೀಯ? ಮುಂದಿನ ಕೋಣೇಲಿ ನಿಂಗೊಂದು ಮಂಚ ಹಾಕ್ಸಿದೀನಿ. ಬಂದ್ಬಿಡು.”

“ನೋಡೋಣ ಅಕ್ಕಾ.”

“ನಿನ್ನ ನೋಡೋಣ ನಂಗೊತ್ತಿಲ್ವಾ? ಚಿಕ್ಕೋನಿದ್ದಾಗ ಸ್ನಾನಕ್ಕೆ ಕರೆದ್ರೂ ನೋಡೋಣ ಅಂತಿದ್ದೆ.”

ಆ ಮಂಚದ ಮೇಲೆ ತಾನು ಹೇಗೆ ಕೂತಿರುತ್ತೇನೆಂಬುದು ಅವನಿಗೆ ಚೆನ್ನಾಗಿ ಕಾಣುತ್ತಿತ್ತು. ಹೋಗುವವರಿಗೆ ಬರುವವರಿಗೆ ಕಾಲು ಮಡಚಿ ದಾರಿ ಬಿಡುತ್ತ, ಟೀ ಬಂದಾಗ ಕುಡಿಯುತ್ತ. ಹಾಗೆಂದು ಇಲ್ಲಿ ಬಲ್ಬು ಬದಲಿಸುತ್ತ ಕೂರುವುದೂ ಒಂದು ಬದುಕೇ?

ಅಷ್ಟರಲ್ಲಿ ನರ್ಸಮ್ಮ ಕಾರು ತಂದಳು. ಅದು ಅವಳ ಅಪ್ಪನ ಕಾಲದ ಕಾರು. ಹೆರಿಗೆ ಮಾಡಿಸಲು ಊರ ಹೊರಗಿನ ಮನೆಗಳಿಗೆಲ್ಲ ಅದರಲ್ಲೇ ಓಡಾಡುತ್ತಿದ್ದಳು. ಬ್ರೇಕ್ ತುಳಿದರೆ ಸಾಕು, ಫ್ಯೂಸ್ ಸುಟ್ಟು ಹಿಂದಿನ ದೀಪಗಳು ಆರಿಹೋಗುತ್ತಿದ್ದವು. ದಾರಿಯಲ್ಲಿ ಯಾವನೋ ಪುಣ್ಯಾತ್ಮ ಸಹಾಯ ಮಾಡುತ್ತೇನೆಂದು ಫ್ಯೂಸಿನ ಜಾಗಕ್ಕೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಕಳಿಸಿದ್ದನಂತೆ. ಅಂದಿನಿಂದ ಫ್ಯೂಸಿನ ಬದಲು ವೈರೇ ಸುಟ್ಟು ಕಾರಿನೊಳಗೆಲ್ಲ ಕಮರು ವಾಸನೆ.

“ಕಣ್ಣು ಮಂಜಾಗಿದೆ ನರ್ಸಮ್ಮ…”

“ನನ್ನ ಹತ್ರ ಆ ಕತೆ ಬೇಡ. ನಿಮ್ಮ ಕಣ್ಣು ನಾನೂ ನೋಡಿದೀನಿ. ಅಳೋದಕ್ಕೆ ಮಾತ್ರ ಮಂಜಾಗಿದೆ.” ಬೀಗದ ಕೈಯನ್ನು ಅವನ ಮೇಜಿನ ಮೇಲಿಟ್ಟಳು. “ಈ ಕಾರಿನ ಕರುಳು ನಿಮಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನೀವು ಆಗಲ್ಲ ಅಂದ್ರೆ ಗುಜರಿಗೆ ಹಾಕ್ತೀನಿ, ಆಮೇಲೆ ಬಸ್ಸಿಗೆ ಕಾಯ್ತಾ ನಿಂತ್ಕೋತೀನಿ. ಹುಟ್ಟೋ ಮಕ್ಕಳೂ ಬಸ್ಸಿಗೆ ಕಾಯಲಿ.”

ಆ ಸಂಜೆ ಅಕ್ಕನ ಫೋನು ಬಂದಾಗ ಅವನು ಮೊದಲ ಬಾರಿಗೆ ‘ನೋಡೋಣ’ ಎನ್ನಲಿಲ್ಲ. “ಒಂದು ಕಾರಿದೆ ಅಕ್ಕಾ. ಅದು ನನ್ನ ಕೈಲಾದ್ರೆ ಇಲ್ಲೇ ಇರ್ತೀನಿ. ಆಗದಿದ್ರೆ ಅಂಗಡಿ ಮುಚ್ಚಿ ಬಂದ್ಬಿಡ್ತೀನಿ” ಎಂದ.

ಬೆಳಿಗ್ಗೆ ಬಾಗಿಲನ್ನು ಪೂರ್ತಿ ಎತ್ತಿದ. ದೋಷ ಹುಡುಕುವುದು ಕಷ್ಟವಾಗಲಿಲ್ಲ. ಫ್ಯೂಸ್ ಕಿತ್ತು ಅದರ ಜಾಗಕ್ಕೆ ಒಂದು ಬಲ್ಬು ಸಿಕ್ಕಿಸಿದ. ಬ್ರೇಕ್ ಪೆಡಲಿಗೂ ಸೀಟಿಗೂ ನಡುವೆ ಒಂದು ಕೋಲು ಆನಿಸಿ ಬ್ರೇಕ್ ಒತ್ತಿದಂತೆಯೇ ನಿಲ್ಲಿಸಿದ. ಬಲ್ಬು ಧಗಧಗ ಉರಿಯಿತು. ಎಂದರೆ, ವೈರು ಎಲ್ಲೋ ಕಾರಿನ ಮೈಗೆ ತಗುಲಿ, ಕರೆಂಟು ದೀಪಕ್ಕೆ ಹೋಗದೆ ಅಲ್ಲೇ ಸೋರುತ್ತಿದೆ. ಬಲ್ಬಿನ ಮೇಲೆ ಕಣ್ಣಿಟ್ಟು ವೈರಿನ ಕಟ್ಟನ್ನು ಹಿಂದಿನಿಂದ ಅಲುಗಿಸುತ್ತ ಬಂದ. ಡಿಕ್ಕಿಯ ಹತ್ತಿರ ಏನೂ ಆಗಲಿಲ್ಲ. ಬಾಗಿಲ ಹೊಸ್ತಿಲ ಕೆಳಗೂ ಇಲ್ಲ. ಸ್ಟೀರಿಂಗಿನ ಹಿಂದೆ, ಕಬ್ಬಿಣದ ಪಟ್ಟಿಯೊಂದರಿಂದ ಕಟ್ಟನ್ನು ಈಚೆ ಎಳೆದದ್ದೇ ತಡ, ಬಲ್ಬು ಮಂಕಾಯಿತು. ಸಿಕ್ಕಿತು! ಪಟ್ಟಿಗೆ ಉಜ್ಜಿ ಉಜ್ಜಿ ಒಂದು ವೈರಿನ ಸಿಪ್ಪೆ ಹೋಗಿತ್ತು. ಬೆಳ್ಳಿ ಕಾಗದದ ದಯೆಯಿಂದ ಅಕ್ಕಪಕ್ಕದವೂ ಕರಗಿ ಒಂದಕ್ಕೊಂದು ಅಂಟಿ ಬೆಲ್ಲದ ಮುದ್ದೆಯಂತಾಗಿದ್ದವು.

ಸುಟ್ಟ ಭಾಗ ಕತ್ತರಿಸಿ ತೆಗೆದ. ಆ ಕಡೆ ಒಂದು ಗೊಂಚಲು ತುದಿಗಳು ಉಳಿದವು, ಈ ಕಡೆ ಒಂದು ಗೊಂಚಲು. ಯಾವುದಕ್ಕೆ ಯಾವುದು ಎಂದು ಈಗ ಬೆಸೆಯಬೇಕು. ಒಂದು ತುದಿ ಹಿಡಿದು ಈಚೆ ಎಳೆದು, “ಇದು?” ಎಂದ.

ಬಾಯಿ ಅಭ್ಯಾಸಬಲದಿಂದ ಆಡಿತ್ತು. ಕೈಯಲ್ಲಿ ವೈರು ಹಿಡಿದುಕೊಂಡೇ ಬಹಳ ಹೊತ್ತು ಅಲ್ಲೇ ಮಲಗಿದ್ದ. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಹೊಡೆದುಕೊಂಡು ಹೋದರು.

ಕೊನೆಗೆ ಎದ್ದು ಪಕ್ಕದ ಅಂಗಡಿಯ ಟೈಲರನ್ನು ಕರೆದ. ಟೈಲರ್ ಅವನ ವಾರಿಗೆಯವನು, ಬಾಯಿಬಡುಕ, ಆದರೆ ಗುಟ್ಟು ಹೇಳಿದರೆ ಹೊಟ್ಟೆಯಲ್ಲಿಟ್ಟುಕೊಳ್ಳುವವನು. ಫ್ಯೂಸಣ್ಣ ಹೇಳಿದ್ದನ್ನೆಲ್ಲ ಕೇಳಿ ಟೈಲರ್ ಸೊಂಟದ ಮೇಲೆ ಕೈಯಿಟ್ಟು ನಿಂತ.

“ಅಯ್ಯೋ ಪುಣ್ಯಾತ್ಮ! ಅದಕ್ಕೇನಾ, ನಾನು ಹೊಲ್ಕೊಟ್ಟ ಶರ್ಟು ಹಾಕ್ಕೊಂಡು ‘ನೀಲಿ ಚೆನ್ನಾಗಿದೆ, ಉಳಿದಿದ್ದು ಹೆಂಗಿದೆ ನೀನೇ ಹೇಳು’ ಅಂತಿದ್ದೆ?”

“ಬಾಯಿ ಮುಚ್ಚಿ ಬಣ್ಣ ಹೇಳಯ್ಯ.”

“ಬಾಯಿ ಮುಚ್ಚಿ ಹೇಗಯ್ಯ ಹೇಳ್ಲಿ?”

ಟೈಲರ್ ಕನ್ನಡಕ ಏರಿಸಿ ಕಾರಿನೊಳಗೆ ತೂರಿದ. ನೂಲಿನ ನೂರು ಛಾಯೆಗಳನ್ನು ಬೇರ್ಪಡಿಸಿ ಬಲ್ಲ ಕಣ್ಣು ಅವನದು. ಅಲ್ಲೇ ಎಡವಟ್ಟಾದದ್ದು. ಒಂದೇ ವೈರು ಈ ಕಡೆ ಟೇಪಿನೊಳಗೆ ಮುಚ್ಚಿಕೊಂಡು ಹೊಸದರಂತಿತ್ತು, ಆ ಕಡೆ ಬಿಸಿಲು ಬಿದ್ದು ಮಾಸಿತ್ತು. ಅವಳಾಗಿದ್ದರೆ, “ಎರಡೂ ಕಾಫಿನೇ ಕಣ್ರೀ, ಇದಕ್ಕೆ ಹಾಲು ಜಾಸ್ತಿ” ಎನ್ನುತ್ತಿದ್ದಳು. ಟೈಲರ್ ಒಪ್ಪಲಿಲ್ಲ. “ಛೆ ಛೆ, ಇದು ಬೇರೆ, ಅದು ಬೇರೆ. ಇದನ್ನ ಅದಕ್ಕೆ ಹೊಲಿದ್ರೆ ಗಿರಾಕಿ ನನ್ನ ಮುಖಕ್ಕೆ ಎಸೆದು ಹೋಗ್ತಾನೆ” ಎಂದು ತನಗೆ ಒಪ್ಪುವ ಜೋಡಿಗಳನ್ನೇ ಮಾಡಿಸಿದ. ಫ್ಯೂಸಣ್ಣ ಅವನ ಮಾತಿನಂತೆ ಬೆಸೆದ.

ಹೊಸ ಫ್ಯೂಸ್ ಹಾಕಿ ಫ್ಯೂಸಣ್ಣ ಬ್ರೇಕ್ ತುಳಿದ. ಕಾರು ‘ಪೋಂ’ ಎಂದು ಬೊಬ್ಬಿಟ್ಟಿತು. ಬಾನೆಟ್ಟಿನ ಮೇಲೆ ಒರಗಿದ್ದ ಟೈಲರ್ ಎಗರಿ ಬಿದ್ದ. ಹಾರನ್ ಒತ್ತಿದರೆ ಹಿಂದೆ ಬ್ರೇಕಿನ ದೀಪ!

“ನಿಲ್ಸು ಅಂದ್ರೆ ಬೈಯುತ್ತೆ, ಬೈಯಿ ಅಂದ್ರೆ ನಾಚ್ಕೊಂಡು ಕೆಂಪಾಗುತ್ತೆ!” ಎಂದ ಟೈಲರ್, ನೆಲದ ಮೇಲೆ ಕೂತೇ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಅವಳು ಹೋದಮೇಲೆ ಫ್ಯೂಸಣ್ಣ ಹಾಗೆ ನಕ್ಕದ್ದು ಅದೇ ಮೊದಲು. ನಗು ಇಳಿದಾಗ ಅಂಗಡಿ ಮೊದಲಿಗಿಂತ ಖಾಲಿಯೆನಿಸಿತು.

ಟೈಲರ್ ಮೈ ಕೊಡವಿಕೊಂಡು ಏಳುವಾಗ ಗೂಡಿನಲ್ಲಿದ್ದ ಹಳದಿ ಡಬ್ಬಿಯೊಂದು ಅವನ ಕಣ್ಣಿಗೆ ಬಿತ್ತು. ಮೇಲೆಲ್ಲ ಧೂಳು.

“ಇದೇನಯ್ಯ ಇದು?”

“ಮೀಟರು.”

“ಏನ್ಮಾಡುತ್ತೆ?”

“ವೈರಿಗೆ ಆ ತುದೀಲೊಂದು ಕಡ್ಡಿ, ಈ ತುದೀಲೊಂದು ಕಡ್ಡಿ ಹಿಡಿಬೇಕು. ಎರಡೂ ಒಂದೇ ವೈರಾದ್ರೆ ಕೂಗುತ್ತೆ.”

“ಬಣ್ಣ?”

“ಬಣ್ಣ ಅದಕ್ಕೆ ಬೇಕಿಲ್ಲ.”

ಟೈಲರ್ ಡಬ್ಬಿ ನೋಡಿದ, ಅವನನ್ನು ನೋಡಿದ. “ಎಷ್ಟು ಕಾಲ ಆಯ್ತು ಇದು ನಿನ್ನ ಹತ್ರ ಇದ್ದು?”

“ತುಂಬಾ ವರ್ಷ.”

“ಮತ್ತೆ ನನ್ನ ಯಾಕೆ ಕಾರಿನೊಳಗೆ ತೂರ್ಸಿದೆ? ಇಷ್ಟು ವರ್ಷ ಅತ್ತಿಗೇನ ಯಾಕೆ ಪೆಟ್ಟಿಗೆ ಮೇಲೆ ಕೂರ್ಸಿದ್ದೆ?”

ಫ್ಯೂಸಣ್ಣ ಬಗ್ಗಿ, ಕೆಳಗೆ ಬಿದ್ದಿದ್ದ ಟೇಪಿನ ಸುರುಳಿ ಎತ್ತಿಕೊಂಡ. ಟೈಲರ್‌ಗೂ ತಾನು ಕೇಳಬಾರದ್ದನ್ನು ಕೇಳಿದೆನೆಂದು ಹೊಳೆದಿರಬೇಕು. “ಗಿರಾಕಿ ಬಂದ್ರೇನೋ” ಎಂದು ಸುಮ್ಮನೆ ಹೊರಟುಹೋದ. ಗಿರಾಕಿ ಯಾರೂ ಬಂದಿರಲಿಲ್ಲ.

ಮೀಟರ್ ಕೊಂಡ ಹೊಸತರಲ್ಲಿ ಒಂದು ಮಧ್ಯಾಹ್ನ ಹೀಗಾಗಿತ್ತು. ಅವನು ಕಾರಿನ ಕೆಳಗೆ ಮಲಗಿ ಕಡ್ಡಿ ಮುಟ್ಟಿಸಿದ. ಡಬ್ಬಿ ಕೂಗಿತು. ಯಾವ ವೈರೆಂದು ಅವನಿಗೆ ಖಾತ್ರಿಯಾಯಿತು. ಆದರೂ ಎಂದಿನಂತೆ, “ಇದು?” ಎಂದ. ಅವಳು ಮೇಲಿನಿಂದಲೇ, “ನಿಮ್ಮ ಡಬ್ಬಿ ಆಗಲೇ ಕೂಗ್ತಲ್ಲ, ಅದನ್ನೇ ಕೇಳಿ” ಎಂದಳು. ಅವನು, ಇನ್ನೇನು ಇವಳು ಎದ್ದು ಮನೆಗೆ ಹೋಗುತ್ತಾಳೆಂದುಕೊಂಡ. ಅವಳು ಪೆಟ್ಟಿಗೆಯನ್ನು ಇನ್ನಷ್ಟು ಹತ್ತಿರಕ್ಕೆ ಜರುಗಿಸಿಕೊಂಡ ಸದ್ದು ಕೇಳಿತು. “ಹಾಲುಕಾಫಿ” ಎಂದಳು. ಆ ಮಾತನ್ನು ಇಬ್ಬರೂ ಮತ್ತೆಂದೂ ಎತ್ತಲಿಲ್ಲ.

ಫ್ಯೂಸಣ್ಣ ಮೀಟರಿನ ಧೂಳು ಒರೆಸಿ ಹೊಸ ಬ್ಯಾಟರಿ ಹಾಕಿದ. ಟೈಲರ್ ಹೇಳಿ ಬೆಸೆಸಿದ್ದನ್ನೆಲ್ಲ ಬಿಚ್ಚಿದ. ಒಂದು ಉದ್ದನೆಯ ವೈರನ್ನು ಹಿಂದಿನ ದೀಪಕ್ಕೆ ಕಟ್ಟಿ, ಅದರ ಇನ್ನೊಂದು ತುದಿ ಮೀಟರಿಗೆ ಕೊಟ್ಟು, ಕತ್ತರಿಸಿದ ತುದಿಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದ. ಡಬ್ಬಿ ಸುಮ್ಮನಿತ್ತು, ಸುಮ್ಮನಿತ್ತು, ಕೂಗಿತು. ಆ ವೈರಿಗೆ ಗುರುತಿನ ದಾರ ಕಟ್ಟಿದ. ಆಮೇಲೆ ಬ್ರೇಕಿನ ಸ್ವಿಚ್ಚು, ಆಮೇಲೆ ಹಾರನ್, ಆಮೇಲೆ ಉಳಿದವು. ಬೆಸೆದು, ಟೇಪು ಸುತ್ತಿ, ಉಜ್ಜುತ್ತಿದ್ದ ಪಟ್ಟಿಯ ಅಂಚಿಗೆ ರಬ್ಬರು ತೊಡಿಸಿದ. ಒಮ್ಮೆಯೂ ಬಾಯಿ ತೆರೆಯಲಿಲ್ಲ. ತೆರೆಯುವ ಅಗತ್ಯವೂ ಬೀಳಲಿಲ್ಲ. ಅವಳಿದ್ದಾಗ ಒಂದು ಹಗಲು ಪೂರ್ತಿ ಹಿಡಿಯುತ್ತಿದ್ದ ಕೆಲಸ ಊಟದ ಹೊತ್ತಿಗೆ ಮುಗಿದಿತ್ತು. ಕೆಲಸ ಇಷ್ಟು ಬೇಗ ಮುಗಿಯುತ್ತದೆಂದು ಅವನಿಗೆ ಒಳಗೊಳಗೇ ಯಾವತ್ತೋ ಗೊತ್ತಿತ್ತು. ಇಷ್ಟು ದಿನ ಬಾಗಿಲು ಅರ್ಧ ಇಳಿಸಿಕೊಂಡು ಕೂತದ್ದು ಅದಕ್ಕೇ ಹೆದರಿ.

ನರ್ಸಮ್ಮ ಬಂದಳು. ಬ್ರೇಕ್ ತುಳಿದಳು, ಬಿಟ್ಟಳು, ತುಳಿದಳು. ಟೈಲರ್ ಹಿಂದೆ ನಿಂತು, “ಹತ್ತಿತು! ಬೊಬ್ಬೆನೂ ಹೊಡೀಲಿಲ್ಲ!” ಎಂದು ಕೂಗಿದ. ನರ್ಸಮ್ಮನಿಗೆ ಆ ಮಾತಿನ ತಲೆಬುಡ ತಿಳಿಯಲಿಲ್ಲ. “ನಾ ಹೇಳ್ಲಿಲ್ವಾ, ನಿಮ್ಮ ಕೈಲಾಗುತ್ತೆ ಅಂತ?” ಎಂದು ಫ್ಯೂಸಣ್ಣನತ್ತ ಕೈಬೀಸಿ ಹೊರಟಳು. ತಿರುವಿನಲ್ಲಿ ಬ್ರೇಕ್ ಹಿಡಿದಾಗ ಎರಡು ದೀಪಗಳೂ ಒಟ್ಟಿಗೆ ಬೆಳಗಿದವು. ಅವು ಕೆಂಪಗಿದ್ದವೆಂಬುದನ್ನು ಅವನು ಎಂದಿನಂತೆ ನಂಬಿಕೊಂಡ.

ಸಂಜೆ ಅವನೇ ಅಕ್ಕನಿಗೆ ಫೋನ್ ಮಾಡಿದ.

“ಕಾರು ಆಯ್ತಕ್ಕ.”

“ಹಂಗಾದ್ರೆ ಬರಲ್ಲ ಅನ್ನು.” ಅಕ್ಕನ ದನಿಯಲ್ಲಿ ಮುನಿಸೂ ಇತ್ತು, ನಿರಾಳವೂ ಇತ್ತು. “ಅಲ್ಲ ಕಣೋ, ಅವಳು ಪಕ್ಕದಲ್ಲಿ ಕೂತ್ಕೊಂಡು ನೋಡಿ ಹೇಳದೆ ಕೆಲಸ ಸಾಗಲ್ಲ ಅಂತಿದ್ದೆ. ಈಗ ಒಬ್ಬನ ಕೈಲಿ ಆಗುತ್ತಾ?”

ಅವನು ಮರದ ಪೆಟ್ಟಿಗೆಯ ಮೇಲಿನ ಧೂಳನ್ನು ಕೈಯಲ್ಲಿ ಒರೆಸಿದ.

“ಹೂಂ ಅಕ್ಕಾ,” ಎಂದ. “ಒಬ್ಬನ ಕೈಲೇ ಆಗುತ್ತೆ.”